ಫಿಸ್ಟುಲಾ ಆಪರೇಷನ್ ಆದಮೇಲೆ ವ್ಯಾಯಾಮ: ಭಾರಕ್ಕಿಂತ ಮೊದಲು ಉಸಿರು

ಫಿಸ್ಟುಲಾ ಎಂದರೆ ಗುದದ ಒಳಗಿನಿಂದ ಪಕ್ಕದ ಚರ್ಮಕ್ಕೆ ತೆರೆದುಕೊಂಡ ಕೊಳವೆಯಂಥ ದಾರಿ. ವಾರ ಎಣಿಸುವ ಮೊದಲು ಆಗಿರುವುದು ಯಾವ ಆಪರೇಷನ್ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಿ. ಫಿಸ್ಟುಲಾಟಮಿಯಲ್ಲಿ ಕೊಳವೆಯನ್ನು ಉದ್ದಕ್ಕೂ ಸೀಳಿ, ಗಾಯವನ್ನು ತೆರೆದೇ ಬಿಡುತ್ತಾರೆ. ಬಾವಿಯಲ್ಲಿ ನೀರು ಏರುವ ಹಾಗೆ ಅದು ತಳದಿಂದ ತುಂಬಿಕೊಂಡು ಬರಬೇಕು. ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ನೋವು ಅದಕ್ಕಿಂತ ಬಹಳ ಮೊದಲೇ ಇಳಿಯುವುದರಿಂದ ಎಲ್ಲರೂ ಮೋಸಹೋಗುವುದು ಇಲ್ಲೇ. ಸೆಟನ್ (ಕೊಳವೆಯೊಳಗೆ ಹಾಯಿಸಿ ಬಿಡುವ ದಾರ) ಹಾಕಿದ್ದರೆ ಅದು ತಿಂಗಳುಗಟ್ಟಲೆ ಇರಬಹುದು. ತೆಗೆಯುವವರೆಗೂ ಸುಮ್ಮನೆ ಕೂರಬೇಕಿಲ್ಲ, ಆದರೆ ಉಜ್ಜಾಟ ಬೇಡ. ಫ್ಲಾಪ್ (ಕೊಳವೆಯ ಒಳಬಾಯಿಯನ್ನು ಪಕ್ಕದ ಪದರ ಎಳೆದು ಮುಚ್ಚುವುದು) ಅಥವಾ ಲಿಫ್ಟ್ (LIFT, ಸ್ನಾಯುಗಳ ನಡುವೆ ಕೊಳವೆಯನ್ನು ಕಟ್ಟಿ ಕತ್ತರಿಸುವುದು) ಆಪರೇಷನ್ ಆಗಿದ್ದರೆ ಒಳಗೆ ಹೊಲಿಗೆಗಳಿರುತ್ತವೆ, ಒತ್ತಡ ಬಿದ್ದರೆ ಬಿಟ್ಟುಕೊಳ್ಳಬಹುದು. ಇವರಿಗೇ ಕಟ್ಟುನಿಟ್ಟು ಹೆಚ್ಚು. ದಿನದ ಲೆಕ್ಕ ನಿಮ್ಮ ಸರ್ಜನ್ ಹೇಳಿದ್ದೇ ಅಂತಿಮ.

ಉಸಿರು (ಹೆಚ್ಚಿನವರು ಎಡವುವ ಜಾಗ)

"ಭಾರ ಎತ್ತಬೇಡಿ" ಎಂದಾಗ ನಾವು ಕಿಲೋ ಲೆಕ್ಕ ಹಾಕುತ್ತೇವೆ. ಗಾಯಕ್ಕೆ ಕಿಲೋ ಗೊತ್ತಾಗುವುದಿಲ್ಲ, ಒತ್ತಡ ಗೊತ್ತಾಗುತ್ತದೆ. ಉಸಿರು ಬಿಗಿಹಿಡಿದು ಎತ್ತಿದರೆ ಗಂಟಲು ಮುಚ್ಚಿಕೊಳ್ಳುತ್ತದೆ, ಮೇಲಿಂದ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಕ್ಕೆ ತಳ್ಳುತ್ತದೆ, ಮುಂದಿನಿಂದ ಹೊಟ್ಟೆಯ ಸ್ನಾಯು ಒತ್ತುತ್ತದೆ. ಆ ಒತ್ತಡ ಪೆಲ್ವಿಕ್ ಫ್ಲೋರ್ (ಹೊಟ್ಟೆಯ ತಳವನ್ನು ಹಿಡಿದಿರುವ ಸ್ನಾಯುಗಳು) ಮೇಲೆ ಇಳಿಯುತ್ತದೆ. ಗುದದ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ, ಹೊಸದಾಗಿ ಬೆಳೆಯುತ್ತಿರುವ ಮೃದು ಮಾಂಸದಿಂದ ರಕ್ತ ಜಿನುಗುತ್ತದೆ. ಶೌಚಕ್ಕೆ ಕೂತು ತಿಣುಕಿದಾಗ ಆಗುವುದೂ ಇದೇ. ಡಂಬೆಲ್ ಮುಟ್ಟದವರೂ ನೆಲದಿಂದ ಬಕೆಟ್ ಎತ್ತುವಾಗ, ಹಾಸಿಗೆಯಿಂದ ಏಳುವಾಗ ಉಸಿರು ಹಿಡಿದು ಈ ಒತ್ತಡವನ್ನು ತಂದುಕೊಳ್ಳುತ್ತಾರೆ.

ಅಭ್ಯಾಸ ಹೀಗೆ: ಮಂಡಿ ಮಡಚಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈ ಇಡಿ. ಮೂಗಿನಿಂದ ಉಸಿರೆಳೆದಾಗ ಕೈ ಮೇಲೇಳಬೇಕು. ಆಗ ಪೆಲ್ವಿಕ್ ಫ್ಲೋರ್ ಸಡಿಲವಾಗಿರಲಿ. ಬಾಯಿಂದ ನಿಧಾನವಾಗಿ ಬಿಡಿ. ಇದು ಕೈಗೂಡಿದ ಮೇಲೆ ಕುರ್ಚಿಯಿಂದ ಏಳುವಾಗ ಅದನ್ನೇ ಮಾಡಿ: ಉಸಿರು ಬಿಡಲು ಶುರುಮಾಡಿ, *ಆಮೇಲೆ* ಏಳಿ. ಎದ್ದು ನಿಂತ ಮೇಲೆ ಉಸಿರು ಬಿಟ್ಟರೆ ಪ್ರಯೋಜನವಿಲ್ಲ, ಒತ್ತಡ ಆಗಲೇ ಕೆಳಗಿಳಿದಿರುತ್ತದೆ. ಕೈಚಳಕ ಬೇಕಿಲ್ಲದ ಉಪಾಯವೊಂದಿದೆ, ಜೋರಾಗಿ ಎಣಿಸುವುದು. ಮಾತಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ. "ಆರು, ಏಳು" ಎನ್ನುವಾಗ ದನಿ ಸಿಕ್ಕಿಕೊಂಡರೆ ಆ ಭಾರ ಈಗ ನಿಮಗೆ ಹೆಚ್ಚು, ಇಳಿಸಿ.

ಕ್ರಮ (ಸರಳ ಫಿಸ್ಟುಲಾಟಮಿಗೆ)

ಮೊದಲ ದಿನಗಳಲ್ಲಿ 5–10 ನಿಮಿಷದ ನಡಿಗೆ, ದಿನಕ್ಕೆ ನಾಲ್ಕೈದು ಸಲ. ಎರಡನೇ ವಾರದ ಹೊತ್ತಿಗೆ 20–30 ನಿಮಿಷ. ಆಮೇಲೆ ಕೂತು ಮಾಡುವ ಹಗುರ ಕೈ ವ್ಯಾಯಾಮ. ಬಸ್ಕಿ, ಓಟ, ಹೊಟ್ಟೆಯ ಕಸರತ್ತುಗಳಿಗೆ ಸುಮಾರು 6 ವಾರದ ನಂತರ, ಡಾಕ್ಟರ್ ಗಾಯ ನೋಡಿ ಒಪ್ಪಿದ ಮೇಲೆ. ಬಸ್ಕಿಯನ್ನು ಕುರ್ಚಿಯ ಎತ್ತರದವರೆಗೆ ಮಾತ್ರ ಶುರುಮಾಡಿ. ಪೂರ್ತಿ ಕುಕ್ಕರಗಾಲಿಗೆ ಇಳಿದರೆ ಪೃಷ್ಠ ಅಗಲವಾಗಿ ಗಾಯದ ಅಂಚು ಎಳೆಯುತ್ತದೆ. ಈಜು ಚರ್ಮ ಪೂರ್ತಿ ಮುಚ್ಚಿದ ಮೇಲೆ. ಸೈಕಲ್ ಎಲ್ಲಕ್ಕಿಂತ ಕೊನೆಗೆ, ಅದರ ಸೀಟು ಒತ್ತುವುದು ಗಾಯದ ಹತ್ತಿರವೇ.

ಹೆಚ್ಚಾಯಿತೋ ಇಲ್ಲವೋ ಎಂಬುದನ್ನು ಮರುದಿನ ಬೆಳಿಗ್ಗೆ ಗಾಜ್ ಬಟ್ಟೆ ಹೇಳುತ್ತದೆ. ತೆಳು ಹಳದಿ ಅಥವಾ ನಸುಗೆಂಪು ರಸಿಕೆ ವಾರಗಟ್ಟಲೆ ಬರುವುದು ಸಹಜ. ನಿನ್ನೆಗಿಂತ ಹೆಚ್ಚು ಒದ್ದೆ, ಅಥವಾ ಕೆಂಪು ಚುಕ್ಕೆ ಇದ್ದರೆ ಒಂದು ದಿನ ಬಿಡುವು, ನಂತರ ಅರ್ಧಕ್ಕಿಳಿಸಿ ಮುಂದುವರಿಸಿ. ನೋವಿನ ಮಾತ್ರೆ ನುಂಗಿದ ಕೂಡಲೇ ವ್ಯಾಯಾಮ ಬೇಡ, ಎಚ್ಚರಿಸುವ ನೋವೇ ಮಂಕಾಗಿರುತ್ತದೆ. ಪ್ಯಾಡ್ ತೋಯುವಷ್ಟು ರಕ್ತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ದಿನೇದಿನೇ ಹೆಚ್ಚುವ ಸಿಡಿತ, ಊತ, ಮೂತ್ರ ಕಟ್ಟುವುದು: ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ.

ವ್ಯಾಯಾಮದ ಬೆವರು ಗಾಯದ ಸುತ್ತ ನಿಲ್ಲಬಾರದು. ಮುಗಿದ ಕೂಡಲೇ ಬೆಚ್ಚಗಿನ ನೀರಿನ ಟಬ್ಬಿನಲ್ಲಿ 10–15 ನಿಮಿಷ ಕೂತು, ಉಜ್ಜದೆ ಒತ್ತಿ ಒರೆಸಿ, ಹೊಸ ಗಾಜ್ ಇಡಿ.