ಚಿನ್ನಕ್ಕಾಗಿ ಹಾಕಿದ ಹಳಿ, ಕೂಲಿಗಾಗಿ ಓಡುವ ರೈಲು

ಬೆಳಗಿನ ಜಾವ ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಬಂಗಾರಪೇಟೆ ದಾಟುವಷ್ಟರಲ್ಲಿ ಸೀಟು ಖಾಲಿ ಇರುವುದಿಲ್ಲ. ಟೇಕಲ್, ಮಾಲೂರಿನಲ್ಲಿ ಹತ್ತುವವರು ನಿಂತೇ ಬರಬೇಕು. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಅಂಗಡಿ ಕೆಲಸದವರು, ಕಾಲೇಜಿಗೆ ಹೋಗುವ ಮಕ್ಕಳು, ಎಲ್ಲರೂ ಇದರಲ್ಲೇ.

ಈ ಹಳಿ ಹಾಕಿದ್ದು ಅವರಿಗಾಗಿ ಅಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್) ರೈಲು ಬಂದದ್ದು 1864ರಲ್ಲಿ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲು ಹಾಕಿದ್ದು ಕೋಲಾರದ ಚಿನ್ನದ ಗಣಿಗಳ ಸಲುವಾಗಿ. ಕೋರಮಂಡಲ್, ಚಾಂಪಿಯನ್, ಊರಿಗಾಂ ಎಂಬ ಸ್ಟೇಷನ್ ಹೆಸರುಗಳಲ್ಲಿ ಆ ಕಾಲ ಇನ್ನೂ ಉಳಿದಿದೆ. ಆಗ ಕೆಲಸ ಊರಲ್ಲೇ ಇತ್ತು, ಹೊರಗಿನವರು ಅಲ್ಲಿಗೆ ಬರುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿಗೆ ಊರೇ ಬೇರೆ ಕೆಲಸ ಹುಡುಕಬೇಕಾಯಿತು. ಅದೇ ಹೊತ್ತಿಗೆ ವೈಟ್‌ಫೀಲ್ಡ್ ಬೆಳೆಯುತ್ತಿತ್ತು, ಅದೂ ಇದೇ ಹಳಿಯ ಮೇಲೆ. ಬೆಂಗಳೂರಲ್ಲಿ ಮನೆ ಬಾಡಿಗೆ ಕೊಡುವ ಬದಲು ಸೀಸನ್ ಪಾಸ್ ಮಾಡಿಸಿ ಓಡಾಡೋಣ ಎಂದು ಎಷ್ಟೋ ಮನೆಗಳು ತೀರ್ಮಾನಿಸಿದವು. ಗಣಿ ರೈಲು ಹೀಗೆ ಲೋಕಲ್ ರೈಲಾಯಿತು. ಆದರೆ ಯಾರೂ ಅದನ್ನು ಲೋಕಲ್ ರೈಲು ಎಂದುಕೊಂಡು ಯೋಜನೆ ಮಾಡಲಿಲ್ಲ. ಈ ದಾರಿಯ ದೂರುಗಳ ಬೇರು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅತಿ ದೊಡ್ಡ ದೂರು ಕಾಯುವುದರದ್ದು. ಈ ಹಳಿಯ ಮೇಲೆ ಚೆನ್ನೈ, ಕೇರಳ, ಆಂಧ್ರದ ರೈಲುಗಳೂ ಓಡುತ್ತವೆ. ಶತಾಬ್ದಿ ಇದೆ, 2022ರ ನವೆಂಬರ್‌ನಿಂದ ವಂದೇ ಭಾರತ್ ಕೂಡ ಇದೆ. ವೇಗದ ರೈಲು ಬಂದರೆ ಪ್ಯಾಸೆಂಜರ್ ರೈಲು ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಬೆಂಗಳೂರು ಹತ್ತಿರವಾದಂತೆ ಔಟರ್‌ನಲ್ಲಿ, ಅಂದರೆ ಸ್ಟೇಷನ್‌ಗೆ ಸ್ವಲ್ಪ ಮೊದಲು, ಸಿಗ್ನಲ್‌ಗೆ ಕಾಯುವುದು ಬೇರೆ. ದೂರದ ಪ್ರಯಾಣಿಕನಿಗೆ ಇಪ್ಪತ್ತು ನಿಮಿಷ ಹೋದರೆ ಹೋಯಿತು. ದಿನಗೂಲಿಯವನಿಗೆ ಅದೇ ಇಪ್ಪತ್ತು ನಿಮಿಷಕ್ಕೆ ಹಾಜರಿ ತಪ್ಪಬಹುದು, ಅಲ್ವಾ?

ಸಿಟ್ಟು ಬರುವುದು ಎದುರಿಗೆ ಸಿಕ್ಕ ಸಿಬ್ಬಂದಿಯ ಮೇಲೆ. ಆದರೆ ಯಾವ ರೈಲು ಮುಂದೆ, ಯಾವುದು ಹಿಂದೆ ಎಂದು ಹೇಳುವುದು ವಿಭಾಗದ ಕಚೇರಿಯಲ್ಲಿ ಕೂತ ಕಂಟ್ರೋಲರ್. ಸ್ಟೇಷನ್ ಮಾಸ್ಟರ್ ಅದನ್ನು ಪಾಲಿಸುತ್ತಾರೆ, ಲೋಕೋ ಪೈಲಟ್ ಸಿಗ್ನಲ್ ನೋಡಿ ಓಡಿಸುತ್ತಾರೆ. ಬೈಗುಳ ತಿನ್ನುವವರು ಒಬ್ಬರು, ನಿರ್ಧಾರ ಮಾಡುವವರು ಇನ್ನೊಬ್ಬರು. ಟಿಟಿಇ ಜೊತೆಗಿನ ಜಗಳವೂ ಹೀಗೇ ಹುಟ್ಟುತ್ತದೆ. ಪ್ಯಾಸೆಂಜರ್ ತಡವಾದಾಗ ಪಾಸಿನವರು ಎಕ್ಸ್‌ಪ್ರೆಸ್‌ನ ರಿಸರ್ವೇಶನ್ ಬೋಗಿ ಹತ್ತುತ್ತಾರೆ, ಅಲ್ಲಿ ಆ ಪಾಸು ನಡೆಯುವುದಿಲ್ಲ. ನಿಯಮದ ಪ್ರಕಾರ ದಂಡ ಸರಿ. ಆದರೆ ಆ ಬೋಗಿಗೆ ಅವರನ್ನು ಹತ್ತಿಸಿದ್ದು ತಡವಾದ ರೈಲೇ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಎಲ್ಲ ಪ್ರಯಾಣಿಕ ರೈಲು ನಿಂತವು. ಮತ್ತೆ ಶುರುವಾದಾಗ ಪ್ಯಾಸೆಂಜರ್‌ಗಳಿಗೆ ‘ವಿಶೇಷ’ ಎಂಬ ಹೆಸರು ಬಂತು. ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತು. ಅದೇ ರೈಲು, ಅದೇ ಬೆಂಚು, ಮೂರು ಪಟ್ಟು ದುಡ್ಡು. ಹಳೆಯ ದರ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ.

ಬೆಂಗಳೂರಿಗೆ ಪ್ರತ್ಯೇಕ ಉಪನಗರ ರೈಲಿಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿತು. ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಕೊಟ್ಟ ಗಡುವು 40 ತಿಂಗಳು. ಅದು ಮುಗಿದರೂ ರೈಲು ಓಡಲಿಲ್ಲ. ಓಡಿದರೂ ಕೆಂಗೇರಿಯಿಂದ ಬರುವ ಪಾರಿಜಾತ ಮಾರ್ಗ ವೈಟ್‌ಫೀಲ್ಡ್‌ಗೆ ಮುಗಿಯುತ್ತದೆ. ಮಾಲೂರು, ಬಂಗಾರಪೇಟೆ, ಕೆಜಿಎಫ್‌ನವರಿಗೆ ಈಗಿನ ಹಳಿಯೇ ಗತಿ. ಹೊಸ ಹಳಿ ಬರುವವರೆಗೆ ಒಂದು ಕೆಲಸವನ್ನಂತೂ ಮಾಡಬಹುದು: ಬೆಳಿಗ್ಗೆ, ಸಂಜೆ ಕೆಲಸದ ಹೊತ್ತಿನಲ್ಲಿ ಈ ರೈಲಿಗೆ ಮೊದಲು ಸಿಗ್ನಲ್ ಕೊಡುವುದು. ನಿಲ್ಲಿಸಲೇಬೇಕಾದರೆ, ಯಾಕೆ, ಎಷ್ಟು ಹೊತ್ತು ಎಂದು ಕನ್ನಡದಲ್ಲಿ ಹೇಳುವುದು.