ದಡಾರ ಲಸಿಕೆಗೆ ಮುಂಚೆಯೇ ಇಳಿದಿತ್ತಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: "ಲಸಿಕೆ ಬರುವ ಎಷ್ಟೋ ವರ್ಷ ಮೊದಲೇ ದಡಾರ ಇಳಿದುಹೋಗಿತ್ತು ಅಂತ ತೋರಿಸುವ ಒಂದು ಗ್ರಾಫ್ ನೋಡಿದೆ. ಸ್ವಚ್ಛತೆ, ಒಳ್ಳೆಯ ಊಟದಿಂದಲೇ ರೋಗ ಹೋಗಿದ್ದು ಅಲ್ವಾ? ಅಷ್ಟಕ್ಕೂ ಈ ಲೆಕ್ಕವನ್ನೆಲ್ಲ ಯಾರು ಇಡ್ತಾರೆ, ನಂಬಬಹುದಾ?"

ಆ ಗ್ರಾಫ್ ನನಗೂ ಗೊತ್ತು. ಚೆನ್ನಾಗಿಯೇ ಗೊತ್ತು. ಬಣ್ಣ ಬದಲಾಗುತ್ತದೆ, ದೇಶ ಬದಲಾಗುತ್ತದೆ, ಗೆರೆ ಮಾತ್ರ ಅದೇ. ಎಡಗಡೆ ಎತ್ತರದಲ್ಲಿ ಶುರುವಾಗಿ ಇಳಿಯುತ್ತ ಇಳಿಯುತ್ತ ಬಂದು ಹೆಚ್ಚುಕಡಿಮೆ ನೆಲ ಮುಟ್ಟಿದ ಮೇಲೆ ಒಂದು ಬಾಣದ ಗುರುತು, ಅದರ ಪಕ್ಕದಲ್ಲಿ "ಲಸಿಕೆ ಬಂದದ್ದು ಇಲ್ಲಿ" ಅಂತ. ನೋಡಿದವರು ಹೌದಲ್ಲ ಅನ್ನುತ್ತಾರೆ. ಅನ್ನಲೇಬೇಕು, ಹಾಗೆ ಅನ್ನಿಸಲೆಂದೇ ಮಾಡಿದ್ದು ಅದು. ಇದಕ್ಕೆ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡುತ್ತೇನೆ.

ಗ್ರಾಫಿನ ಅಂಕಿಗಳು ಸುಳ್ಳಲ್ಲ. ಆದರೆ ಎಡ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿದ್ದೀರಾ? "ಸಾವು" ಅಂತ ಇರುತ್ತದೆ. ಅದು ದಡಾರದಿಂದ ಸತ್ತವರ ಲೆಕ್ಕ. ದಡಾರ ಬಂದವರ ಲೆಕ್ಕ ಬೇರೆಯೇ ಇದೆ, ಅದನ್ನು ಈ ಗ್ರಾಫ್ ಹಂಚುವವರು ಯಾರೂ ಪಕ್ಕದಲ್ಲಿ ಇಡುವುದಿಲ್ಲ.

ನಾನು ಇಡುತ್ತೇನೆ. ಅಮೆರಿಕದ ಅಂಕಿ ತಗೊಳ್ಳೋಣ, ಯಾಕೆಂದರೆ ಅಲ್ಲಿ 1912ರಿಂದಲೇ ದಡಾರವನ್ನು ದೇಶದ ಮಟ್ಟದಲ್ಲಿ ವರದಿ ಮಾಡುತ್ತಿದ್ದರು. ಮೊದಲ ಹತ್ತು ವರ್ಷ ವರ್ಷಕ್ಕೆ ಸರಾಸರಿ 6,000 ಸಾವು. 1950ರ ದಶಕದ ಹೊತ್ತಿಗೆ ಅದು 400-500ಕ್ಕೆ ಇಳಿದಿತ್ತು. ಇಲ್ಲಿವರೆಗೆ ಗ್ರಾಫ್ ಹೇಳುವುದು ಸರಿ. ಊಟ ಸುಧಾರಿಸಿತ್ತು, ದಡಾರದ ಬೆನ್ನಿಗೆ ಬರುವ ನ್ಯುಮೋನಿಯಾಗೆ ಆಂಟಿಬಯೋಟಿಕ್ ಬಂದಿತ್ತು, ಆಸ್ಪತ್ರೆಗಳು ಸುಧಾರಿಸಿದ್ದವು. ಬಂದ ರೋಗದಿಂದ ಮಕ್ಕಳು ಬದುಕಿ ಉಳಿಯುವುದು ಜಾಸ್ತಿಯಾಯಿತು.

ರೋಗ ಬರುವುದು? ಅದು ಒಂಚೂರೂ ಅಲುಗಾಡಿರಲಿಲ್ಲ. 1950ರ ದಶಕದಲ್ಲೂ ವರ್ಷಕ್ಕೆ ಸುಮಾರು 5 ಲಕ್ಷ ಪ್ರಕರಣ ವರದಿಯಾಗುತ್ತಿದ್ದವು, ವರದಿಯಾಗದೆ ಹೋದದ್ದೂ ಸೇರಿಸಿದರೆ 30ರಿಂದ 40 ಲಕ್ಷ, ಅಂದರೆ ಹುಟ್ಟಿದ ಪ್ರತಿ ಮಗುವಿಗೂ ಒಂದಲ್ಲ ಒಂದು ದಿನ ಬಂದೇ ಬರುತ್ತಿತ್ತು ಅಂತಲೇ ಅರ್ಥ. ವರ್ಷಕ್ಕೆ 48,000 ಮಂದಿ ಆಸ್ಪತ್ರೆ ಸೇರುತ್ತಿದ್ದರು. ಸುಮಾರು 1,000 ಮಂದಿಗೆ ಮಿದುಳಿನ ಉರಿಯೂತ ಆಗುತ್ತಿತ್ತು, ಅದರಲ್ಲಿ ಬದುಕಿ ಉಳಿದವರು ಸಾವಿನ ಗ್ರಾಫಿನಲ್ಲಿ ಎಲ್ಲೂ ಕಾಣುವುದಿಲ್ಲ. 1962ರಲ್ಲಿ 4,81,530 ಪ್ರಕರಣ. 1963ರಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. 1968ರಲ್ಲಿ 22,231 ಪ್ರಕರಣ.

ಆರು ವರ್ಷ. ಆರು ವರ್ಷದಲ್ಲಿ ಒಂದು ದೇಶದ ಸ್ವಚ್ಛತೆ ಇಪ್ಪತ್ತು ಪಟ್ಟು ಸುಧಾರಿಸುತ್ತಾ? ಹೇಳಿ ನೋಡೋಣ.

"ಆದ್ರೂ ಕೈ ತೊಳೆದ್ರೆ..." ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತೊಳೆಯಿರಿ, ಬೇಡ ಅಂದವರು ಯಾರು. ಆದರೆ ದಡಾರ ಗಾಳಿಯಲ್ಲಿ ಹರಡುವ ರೋಗ. ರೋಗಿ ಕೋಣೆ ಬಿಟ್ಟು ಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಇರಬಲ್ಲದು. ರೋಗನಿರೋಧಕತೆ ಇಲ್ಲದವರ ನಡುವೆ ಒಬ್ಬನಿಂದ 12ರಿಂದ 18 ಜನಕ್ಕೆ ಹರಡುತ್ತದೆ. ಚರಂಡಿ ಸ್ವಚ್ಛ ಮಾಡಿದರೆ ಇದು ನಿಲ್ಲುವುದಿಲ್ಲ. ಕಾಲರಾ, ಟೈಫಾಯ್ಡ್ ನಿಲ್ಲುತ್ತವೆ, ಶುದ್ಧ ನೀರಿಗೆ ಸಲ್ಲಬೇಕಾದ ಕೀರ್ತಿ ಅಲ್ಲಿ ಬೇಕಾದಷ್ಟಿದೆ.

ಪೋಲಿಯೊ ವಿಷಯದಲ್ಲಂತೂ ಸ್ವಚ್ಛತೆ ಉಲ್ಟಾ ಹೊಡೆಯಿತು. ಈ ಭಾಗ ಹೇಳುವಾಗ ನನಗೆ ಯಾವಾಗಲೂ ಸ್ವಲ್ಪ ಖುಷಿಯಾಗುತ್ತದೆ, ಯಾಕೆಂದರೆ ಎದುರಿಗಿದ್ದವರು ನಂಬುವುದೇ ಇಲ್ಲ. ಮುಂಚೆ ಕೊಳಕು ನೀರಿನ ಕಾಲದಲ್ಲಿ ಪೋಲಿಯೊ ವೈರಸ್ ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ತಗಲುತ್ತಿತ್ತು. ಆಗ ತಾಯಿಯಿಂದ ಬಂದ ರಕ್ಷಣೆ ಇನ್ನೂ ಮೈಯಲ್ಲಿ ಇರುತ್ತಿದ್ದರಿಂದ ಹೆಚ್ಚಿನವರಿಗೆ ಏನೂ ಆಗದೆ ಹೋಗುತ್ತಿತ್ತು. ನೀರು, ಶೌಚಾಲಯ ಸುಧಾರಿಸಿದ ಮೇಲೆ ಅದೇ ವೈರಸ್ ತಡವಾಗಿ, ಆ ರಕ್ಷಣೆ ಮುಗಿದ ಮೇಲೆ, ದೊಡ್ಡ ಮಕ್ಕಳಿಗೆ ತಗಲತೊಡಗಿತು. ಕಾಲು ಹೋಗುವುದು ಜಾಸ್ತಿಯಾಯಿತು. 1952ರಲ್ಲಿ ಅಮೆರಿಕದಲ್ಲಿ 57,000ಕ್ಕೂ ಹೆಚ್ಚು ಪ್ರಕರಣ, 21,000ಕ್ಕೂ ಹೆಚ್ಚು ಜನಕ್ಕೆ ಪಾರ್ಶ್ವವಾಯು. ನಲ್ಲಿ ನೀರು, ಸೋಪು, ಫ್ರಿಜ್ಜು ಎಲ್ಲ ಇದ್ದ ದೇಶದಲ್ಲಿ. 1955ರಲ್ಲಿ ಲಸಿಕೆ ಬಂತು, 1961ಕ್ಕೆ ಪ್ರಕರಣ 1,300ರ ಆಸುಪಾಸಿಗೆ ಇಳಿಯಿತು.

ಇಷ್ಟಕ್ಕೂ ಒಪ್ಪದವರಿಗೆ ಜಪಾನ್. ಅಲ್ಲಿ 1974ರಲ್ಲಿ ನಾಯಿಕೆಮ್ಮು ಬಂದದ್ದು 393 ಜನಕ್ಕೆ, ಸಾವು ಒಂದೂ ಇಲ್ಲ. ರೋಗವೇ ಹೋಯಿತಲ್ಲ, ಇನ್ನು ಲಸಿಕೆ ಯಾಕೆ ಅನ್ನುವ ಮಾತು ಶುರುವಾಯಿತು. ಅದೇ ಹೊತ್ತಿಗೆ ಲಸಿಕೆ ಹಾಕಿದ ಮೇಲೆ ಎರಡು ಶಿಶುಗಳು ತೀರಿಕೊಂಡವು, ಜನ ಹೆದರಿದರು, ಎರಡೇ ವರ್ಷದಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಸುಮಾರು ಶೇ 80ರಿಂದ 10ಕ್ಕೆ ಬಿತ್ತು. 1979ರಲ್ಲಿ 13,000 ಪ್ರಕರಣ, 41 ಸಾವು. ಆ ಐದು ವರ್ಷದಲ್ಲಿ ಜಪಾನ್ ಕೊಳಕಾಗಿತ್ತಾ? 1981ರಲ್ಲಿ ಹೊಸ ಮಾದರಿಯ ಲಸಿಕೆ ತಂದರು, ರೋಗ ಮತ್ತೆ ಇಳಿಯಿತು. ಸಮೋವಾದಲ್ಲೂ ಹೀಗೇ ಆಯಿತು. 2 ಲಕ್ಷ ಜನಸಂಖ್ಯೆಯ ದ್ವೀಪ ದೇಶ ಅದು, ಲಸಿಕೆ ಹಾಕಿಸಿಕೊಂಡ ಶಿಶುಗಳ ಪ್ರಮಾಣ ಮೂರರಲ್ಲಿ ಒಂದಕ್ಕೆ ಕುಸಿದಿತ್ತು. 2019ರಲ್ಲಿ ದಡಾರ ಹೊಕ್ಕು 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು.

ಸರಿ, ಪ್ರಶ್ನೆಯ ಎರಡನೇ ಭಾಗ. ಯಾರು ಎಣಿಸುತ್ತಾರೆ?

ವೈದ್ಯರು, ನರ್ಸುಗಳು, ಲ್ಯಾಬಿನವರು ಎಣಿಸುತ್ತಾರೆ. ಜ್ವರದ ಜೊತೆ ಮೈಮೇಲೆ ಕೆಂಪು ಗುಳ್ಳೆ ಕಂಡರೆ ಅದು ಶಂಕಿತ ಪ್ರಕರಣ. ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ವೈರಸ್‌ನ ತಳಿ ನೋಡಿ ಅದು ಯಾವ ಕಡೆಯಿಂದ ಬಂದಿರಬಹುದು ಅನ್ನುವುದನ್ನೂ ಹೇಳುತ್ತಾರೆ. ಇದೆಲ್ಲ ವಿಶ್ವ ಆರೋಗ್ಯ ಸಂಸ್ಥೆಗೆ ಹೋಗುತ್ತದೆ. ಹಾಗೆ ವರದಿಯಾಗುವುದು ನಿಜವಾದ ಸಂಖ್ಯೆಯ ಒಂದು ಚೂರು ಮಾತ್ರ. 2023ರಲ್ಲಿ ಜಗತ್ತಿನಾದ್ಯಂತ ವರದಿಯಾದ ದಡಾರ ಕೆಲವು ಲಕ್ಷ, ಅಂದಾಜು 1 ಕೋಟಿ 3 ಲಕ್ಷ. ಅಂದಾಜು ಅಂದ ತಕ್ಷಣ "ಹಾಗಾದ್ರೆ ಊಹೆ" ಅಂತ ಹಾರಬೇಡಿ. ಜನನ ಎಷ್ಟು, ಲಸಿಕೆ ಎಷ್ಟು ಮಂದಿಗೆ ಸಿಕ್ಕಿದೆ, ವರದಿಯಾದದ್ದು ಎಷ್ಟು, ಇವನ್ನೆಲ್ಲ ಕೂಡಿಸಿ ಮಾಡುವ ಲೆಕ್ಕ ಅದು.

ನಂಬಬಹುದಾ ಅಂದಿರಿ. ಇದಕ್ಕೆ ಒಂದು ಸೊಗಸಾದ ಪರೀಕ್ಷೆ ಇದೆ. "ನಮ್ಮಲ್ಲಿ ದಡಾರ ಸೊನ್ನೆ" ಅಂತ ಒಂದು ದೇಶ ಹೇಳಿದರೆ, ಸಂಸ್ಥೆಯವರು ಅಷ್ಟಕ್ಕೇ ಬಿಡುವುದಿಲ್ಲ. ಗುಳ್ಳೆ ಎದ್ದ ಎಷ್ಟು ಜನರನ್ನು ಪರೀಕ್ಷೆ ಮಾಡಿ ದಡಾರ ಅಲ್ಲ ಅಂತ ಕೈಬಿಟ್ಟಿರಿ ಅಂತ ಕೇಳುತ್ತಾರೆ. ವರ್ಷಕ್ಕೆ ಲಕ್ಷ ಜನಕ್ಕೆ ಕನಿಷ್ಠ 2 ಅಂಥ ಪ್ರಕರಣ ಇರಬೇಕು. ಪೋಲಿಯೊಗೂ ಹಾಗೆಯೇ. ಪೋಲಿಯೊ ಇಲ್ಲದಿದ್ದರೂ ಬೇರೆ ಕಾರಣಕ್ಕೆ ಮಕ್ಕಳ ಕೈಕಾಲು ದಿಢೀರನೆ ಸೋಲುವುದು ಇದ್ದೇ ಇರುತ್ತದೆ. 15 ವರ್ಷದೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಅಂಥ ಒಂದಾದರೂ ಪ್ರಕರಣ ಸಿಕ್ಕಿಲ್ಲ ಅಂದರೆ, ನೀವು ಹುಡುಕಿಯೇ ಇಲ್ಲ ಅಂತ ಅರ್ಥ. ಏನೂ ಸಿಗದವನ ಸೊನ್ನೆಗೆ ಬೆಲೆ ಇಲ್ಲ.

ಲಸಿಕೆಯ ಪ್ರಮಾಣದಲ್ಲೂ ಎಡವಟ್ಟು ಇರುತ್ತದೆ. ಕೆಲವು ಕಡೆಯಿಂದ ಶೇ 105 ಅಂತ ವರದಿ ಬರುತ್ತದೆ. ನೂರು ಮಕ್ಕಳಿದ್ದರೆ ನೂರೈದು ಮಕ್ಕಳಿಗೆ ಹಾಕಿದರಂತೆ! ಎಷ್ಟೋ ಸಲ ಇದರಲ್ಲಿ ಮೋಸವೇನೂ ಇರುವುದಿಲ್ಲ, ಹಳೆಯ ಜನಗಣತಿಯ ಆಧಾರದ ಮೇಲೆ ಮಕ್ಕಳ ಸಂಖ್ಯೆ ಅಂದಾಜು ಮಾಡಿರುತ್ತಾರೆ ಅಷ್ಟೆ. ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರತಿ ವರ್ಷ ಮನೆಮನೆ ಸಮೀಕ್ಷೆಗಳನ್ನೂ ಪಕ್ಕದಲ್ಲಿಟ್ಟು ತಮ್ಮದೇ ಅಂದಾಜು ಕೊಡುತ್ತವೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಂದವರ ಲೆಕ್ಕ, ಸತ್ತವರ ಲೆಕ್ಕ ಅಂತ ಶುರು ಮಾಡಿದ ಮೇಲೆ ಕ್ಯಾನ್ಸರ್ ಬಿಟ್ಟು ಹೋಗಲು ಮನಸ್ಸು ಬರುತ್ತಿಲ್ಲ. ಯಾರೂ ಕೇಳಿಲ್ಲ, ಗೊತ್ತು.

ಕ್ಯಾನ್ಸರ್ ದಡಾರದ ಹಾಗೆ ಅಲೆಯಾಗಿ ಬರುವುದಿಲ್ಲ, ಹಾಗಾಗಿ ಅದಕ್ಕೆ ನೋಂದಣಿ ಬೇಕು. ಆಸ್ಪತ್ರೆ, ಲ್ಯಾಬು, ಮರಣ ಪತ್ರ ಮೂರೂ ಕಡೆಯಿಂದ ಹೆಸರು ತಂದು, ಒಬ್ಬನೇ ಮೂರು ಸಲ ಎಣಿಕೆಯಾಗದ ಹಾಗೆ ಹೊಂದಿಸಬೇಕು. ಡೆನ್ಮಾರ್ಕ್ ಇಡೀ ದೇಶಕ್ಕೆ ಇದನ್ನು 1940ರ ದಶಕದಿಂದ ಮಾಡುತ್ತಿದೆ. ಎಷ್ಟೋ ದೇಶಗಳಲ್ಲಿ ಇವತ್ತಿಗೂ ಇಲ್ಲ, ಅಂಥ ಕಡೆ ನೆರೆ ದೇಶಗಳ ದರ ನೋಡಿ ಅಂದಾಜು ಮಾಡುತ್ತಾರೆ. ಎಲ್ಲವನ್ನೂ ಒಟ್ಟು ಮಾಡುವುದು ಫ್ರಾನ್ಸಿನ ಲಿಯೊನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. 2022ಕ್ಕೆ ಅವರ ಅಂದಾಜು 2 ಕೋಟಿ ಹೊಸ ಪ್ರಕರಣ, 97 ಲಕ್ಷ ಸಾವು.

ಇಲ್ಲಿ ಮೋಸ ಉಲ್ಟಾ ಆಗುತ್ತದೆ. ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಏರಿತು. ಸಾವು? ಇದ್ದಲ್ಲೇ ಇತ್ತು. ಕುತ್ತಿಗೆಗೆ ಸ್ಕ್ಯಾನ್ ಮಾಡಿಸುವುದು ಅಗ್ಗವಾಗಿ, ಸುಮ್ನೆ ಇದ್ದಿದ್ದರೆ ಜೀವಮಾನವಿಡೀ ತೊಂದರೆ ಕೊಡದಂಥ ಸಣ್ಣ ಸಣ್ಣ ಗಂಟುಗಳೆಲ್ಲ ಸಿಕ್ಕವು, ಸಿಕ್ಕ ಮೇಲೆ ಆಪರೇಷನ್ ಆಯಿತು, ಆಪರೇಷನ್ ಆದ ಮೇಲೆ ಜೀವನಪೂರ್ತಿ ಮಾತ್ರೆ. ದಡಾರದಲ್ಲಿ ಬರೀ ಸಾವು ನೋಡಿದರೆ ಮೋಸ ಹೋಗುತ್ತೀರಿ, ಇಲ್ಲಿ ಸಾವು ನೋಡದಿದ್ದರೆ ಮೋಸ ಹೋಗುತ್ತೀರಿ.

ಹಾಗೆಯೇ "ಯಾವ ದೇಶದಲ್ಲಿ ಕ್ಯಾನ್ಸರ್ ಜಾಸ್ತಿ" ಅನ್ನುವ ಪಟ್ಟಿಗಳು. ಮುದುಕರು ಜಾಸ್ತಿ ಇರುವ ದೇಶದಲ್ಲಿ ಕ್ಯಾನ್ಸರ್ ಜಾಸ್ತಿ ಇದ್ದೇ ಇರುತ್ತದೆ, ಅದಕ್ಕೇ ಎಲ್ಲ ದೇಶಕ್ಕೂ ಒಂದೇ ವಯಸ್ಸಿನ ಹಂಚಿಕೆ ಇದ್ದಿದ್ದರೆ ಎಷ್ಟಿರುತ್ತಿತ್ತು ಅಂತ ತಿದ್ದಿ ಹೋಲಿಸುತ್ತಾರೆ. ಹಾಗೆ ತಿದ್ದಿದ ಮೇಲೆ 2022ರಲ್ಲಿ ಹೊಸ ಪ್ರಕರಣಗಳ ಪಟ್ಟಿಯಲ್ಲಿ ಮೊದಲು ಬರುವುದು ಆಸ್ಟ್ರೇಲಿಯಾ. ಸಾವಿನ ಪಟ್ಟಿಯ ಮೇಲ್ತುದಿಯಲ್ಲಿರುವುದು ಮಂಗೋಲಿಯಾ. ಆಸ್ಟ್ರೇಲಿಯಾದಲ್ಲಿ ಹುಡುಕುತ್ತಾರೆ, ಬೇಗ ಸಿಗುತ್ತದೆ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರೂ ಅಲ್ಲಿ ಜಾಸ್ತಿ. ಮಂಗೋಲಿಯಾದಲ್ಲಿ ಕೊಲ್ಲುತ್ತಿರುವುದು ಮುಖ್ಯವಾಗಿ ಪಿತ್ತಜನಕಾಂಗದ ಕ್ಯಾನ್ಸರ್, ಅದಕ್ಕೆ ದೊಡ್ಡ ಕಾರಣ ಹೆಪಟೈಟಿಸ್ ಬಿ ಮತ್ತು ಸಿ ವೈರಸ್.

ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮಕ್ಕಳಿಗೆ ಹಾಕುವಂಥದ್ದೇ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹಾಕಲು ಶುರು ಮಾಡಿತು, ಹತ್ತು ವರ್ಷದಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಆ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮಂಗೋಲಿಯಾ ಶುರು ಮಾಡಿದ್ದು 1991ರಲ್ಲಿ. ಆಗ ಲಸಿಕೆ ಪಡೆದ ಶಿಶುಗಳಿಗೆ ಈಗ ಮೂವತ್ತು ದಾಟಿದೆ ಅಷ್ಟೆ, ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಐವತ್ತರ ನಂತರ. ಆದ್ದರಿಂದ ಅಲ್ಲಿನ ಗೆರೆ ಇನ್ನೂ ಇಳಿದಿಲ್ಲ ಅಂತ ತೋರಿಸಿ, ಪಕ್ಕದಲ್ಲಿ ಬಾಣ ಹಾಕಿ, "ನೋಡಿ, ಲಸಿಕೆಯಿಂದ ಏನೂ ಆಗಲಿಲ್ಲ" ಅಂತ ಯಾರಾದರೂ ಹೊಸ ಗ್ರಾಫ್ ಕಳಿಸಿದರೆ ದಯವಿಟ್ಟು ನನಗೆ ಫಾರ್ವರ್ಡ್ ಮಾಡಬೇಡಿ.