ಹಸು ಅದೇ, ಫ್ಯಾಟ್ ಮಾತ್ರ ಕಮ್ಮಿ

2023ರ ಬೇಸಿಗೆ ಶುರುವಾಗೋ ಹೊತ್ತು. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಪುಟ್ಟ ಆಫೀಸಿನ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಮಂಡ್ಯದಿಂದ ಫೋನ್. ಆಲೆಮನೆ ಇಟ್ಟುಕೊಂಡು ಅಚ್ಚು ಬೆಲ್ಲ, ಪುಡಿ ಬೆಲ್ಲ ಆನ್‌ಲೈನಲ್ಲಿ ಮಾರುವ ಅಣ್ಣ ಒಬ್ಬರು ನಮ್ಮ ಗಿರಾಕಿ. ಅವರ ಸೈಟ್ ನೋಡಿಕೊಳ್ಳೋದು ನಾವೇ.

"ಸಾ, ಸೈಟ್ ಸ್ಪೀಡ್ ಅಂಕ ಹೋದ್ ವಾರ 91 ಇತ್ತು. ಇವತ್ತು 86 ತೋರಿಸ್ತಾದೆ. ಹಸ್ರು ಹೋಗಿ ಕಿತ್ತಲೆ ಬಣ್ಣ ಬಂದದೆ. ಏನ್ ಮಾಡುದ್ರಿ?"

ನಾವು ಏನೂ ಮಾಡಿರಲಿಲ್ಲ. ಎರಡು ವಾರದಿಂದ ಆ ಕೋಡನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಗಿರಾಕಿಗೆ "ನಾವೇನೂ ಮಾಡಿಲ್ಲ" ಅಂದರೆ ಅದು ತಪ್ಪು ಒಪ್ಪಿಕೊಂಡ ಹಾಗೇ ಕೇಳಿಸುತ್ತದೆ, ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು.

ಬದಲಾಗಿದ್ದು ಸೈಟ್ ಅಲ್ಲ, ಅಳೆಯುವ ಟೂಲ್. ಗೂಗಲ್‌ನ ಲೈಟ್‌ಹೌಸ್ ಅಂತ ಒಂದು ಓಪನ್ ಸೋರ್ಸ್ ಟೂಲ್ ಇದೆ. ಕ್ರೋಮ್ ಬ್ರೌಸರಿನಲ್ಲಿ ಸೈಟ್ ಮಾಡುವವರಿಗೆ ಅಂತಲೇ ಇರುವ ಡೆವ್‌ಟೂಲ್ಸ್ ಒಳಗೇ ಸಿಗುತ್ತದೆ, ಸೈಟಿನ ವೇಗ ಹೇಳುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂಕ ಕೊಡೋದೂ ಇದನ್ನೇ ಓಡಿಸಿ. ನಿಮ್ಮ ಪುಟವನ್ನು ಸಾಧಾರಣ ಫೋನು, ನಿಧಾನದ 4ಜಿ ಇರುವ ಹಾಗೆ ನಟಿಸಿ ತೆರೆದು ನೋಡಿ 100ಕ್ಕೆ ಇಷ್ಟು ಅಂತ ಅಂಕ ಹಾಕುತ್ತದೆ. 90 ಮುಟ್ಟಿದರೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕಿಂತ ಕೆಳಗೆ ಕೆಂಪು. 2023ರ ಫೆಬ್ರುವರಿಯಲ್ಲಿ ಇದರ 10ನೇ ಆವೃತ್ತಿ ಬಂತು, ಮತ್ತು ಅಂಕ ಹಂಚುವ ಲೆಕ್ಕ ಬದಲಾಯಿತು.

ಅಂಕ ಒಂದು ಸಲ ಓಡಿಸಿದಂತೆ ಇನ್ನೊಂದು ಸಲ ಬರಲ್ಲ, ಮೂರು ನಾಲ್ಕು ಅಂಕ ಸುಮ್ನೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಅದಕ್ಕೇ ಮೊದಲು ಒಂದೇ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿ ಐದು ಸಲ, ಹೊಸದು ಐದು ಸಲ ಓಡಿಸಿ ಎರಡರಲ್ಲೂ ಮಧ್ಯದ ಅಂಕ ತೆಗೆದೆ. ಹಳೆಯದು 91, ಹೊಸದು 86. ಅಣ್ಣ ಹೇಳಿದ್ದೇ ಸರಿ.

ಲೆಕ್ಕ ಬಿಡಿಸಿದರೆ ಹೀಗಿದೆ. ಹಳೇ ಲೆಕ್ಕದಲ್ಲಿ ಟಿಟಿಐ ಅನ್ನೋ ಅಳತೆಗೆ 100ರಲ್ಲಿ 10 ಅಂಕ ಇತ್ತು. ಪುಟ ಯಾವಾಗ ಪೂರ್ತಿ ಬಳಸೋಕೆ ಸಿದ್ಧವಾಗುತ್ತೆ ಅಂತ ಅದು ಹೇಳುತ್ತಿತ್ತು, ಆದರೆ ಎಲ್ಲೋ ಒಂದು ರಿಕ್ವೆಸ್ಟ್ ತಡವಾದರೂ ಸಾಕು, ಸಂಖ್ಯೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅದನ್ನು ತೆಗೆದುಹಾಕಿ ಆ 10 ಅಂಕವನ್ನು ಸಿಎಲ್‌ಎಸ್‌ಗೆ ಕೊಟ್ಟರು. 15 ಇದ್ದದ್ದು 25 ಆಯಿತು. ಸಿಎಲ್‌ಎಸ್ ಅಂದರೆ ಪುಟ ತೆರೆಯುವಾಗ ಅಕ್ಷರ, ಚಿತ್ರ, ಬಟನ್ ಎಷ್ಟು ಕುಪ್ಪಳಿಸುತ್ತವೆ ಅನ್ನೋ ಅಳತೆ. ನೀವು "ಬೇಡ" ಒತ್ತೋಕೆ ಹೋಗ್ತೀರಿ, ಅಷ್ಟರಲ್ಲಿ ಮೇಲೊಂದು ಜಾಹೀರಾತು ಬಂದು ಎಲ್ಲ ಕೆಳಗೆ ಜಾರಿ ಬೆರಳು "ಖರೀದಿಸಿ" ಮೇಲೆ ಬೀಳುತ್ತಲ್ಲ, ಅದೇ.

ಬೆಲ್ಲದ ಸೈಟಿನ ಸಿಎಲ್‌ಎಸ್ 0.25 ಇತ್ತು. ಅಷ್ಟಕ್ಕೆ ಲೈಟ್‌ಹೌಸ್ ಕೊಡೋದು ಅದಕ್ಕಿಟ್ಟ ಅಂಕದಲ್ಲಿ ಅರ್ಧ. ಹಳೇ ಲೆಕ್ಕದಲ್ಲಿ 15ಕ್ಕೆ ಏಳೂವರೆ, ಹೊಸದರಲ್ಲಿ 25ಕ್ಕೆ ಹನ್ನೆರಡೂವರೆ. ಇಲ್ಲಿ 5 ಅಂಕ ಬಂತು. ಆದರೆ ಟಿಟಿಐನಲ್ಲಿ ಪೂರ್ತಿ 10 ಸಿಗುತ್ತಿದ್ದದ್ದು ಕೈಬಿಟ್ಟಿತು. ಐದು ಬಂದು ಹತ್ತು ಹೋದರೆ ನಿವ್ವಳ ಐದು ನಷ್ಟ. 91, 86.

ಇದನ್ನೆಲ್ಲ ಅಣ್ಣನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಓ, ಡೇರಿಲಿ ಹೊಸಾ ಮಿಷಿನ್ ತಂದಂಗೆ. ಹಸ ಅದೇ, ಹುಲ್ಲು ಅದೇ, ಫ್ಯಾಟ್ ಮಾತ್ರ ಕಮ್ಮಿ ಬತ್ತದೆ." ಇಷ್ಟು ಚೆನ್ನಾಗಿ ನಾನು ಯಾವ ಮೀಟಿಂಗಿನಲ್ಲೂ ಹೇಳಿಲ್ಲ. ಆಮೇಲೆ ಇನ್ನೊಂದು ಮಾತೂ ಸೇರಿಸಿದರು, "ಆದ್ರೆ ಸಾ, ಹಳೇ ಮಿಷಿನ್ನೇ ಸುಳ್ಳು ಹೇಳ್ತಿತ್ತೇನೋ ಅಲ್ವಾ?"

ಅದೂ ನಿಜವೇ. ಆ ಪುಟ ಕುಪ್ಪಳಿಸುತ್ತಿದ್ದದ್ದು ಸುಳ್ಳಲ್ಲ, ನಮಗೆ ಅದರ ಬಿಸಿ ತಟ್ಟಿರಲಿಲ್ಲ ಅಷ್ಟೇ. ಎರಡು ಕಾರಣ ಸಿಕ್ಕವು. ಒಂದು ಎಲ್ಲರಿಗೂ ಗೊತ್ತಿರೋದೇ: ಮೇಲಿನ ಆಫರ್ ಚಿತ್ರಕ್ಕೆ ಅಗಲ ಎತ್ತರ ಬರೆದಿರಲಿಲ್ಲ, ಚಿತ್ರ ಬಂದು ಕೂತಾಗ ಕೆಳಗಿನದೆಲ್ಲ ಜಾರುತ್ತಿತ್ತು. ಎರಡು ಸಂಖ್ಯೆ ಬರೆದೆವು, ಮುಗಿಯಿತು.

ಎರಡನೆಯದು ಕನ್ನಡದ್ದೇ ಕಥೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಂಗ್ಲಿಷ್ ಸೈಟ್ ಮಾಡುವವರಿಗೆ ಈ ಕಾಟ ಇಷ್ಟು ಜಾಸ್ತಿ ಇರಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾಗಿರೋದು 128 ಜಾಗ. ಆದರೆ ಫಾಂಟಿನ ಒಳಗೆ ಒತ್ತಕ್ಷರ, ಕಾಗುಣಿತದ ಜೋಡಿ ರೂಪಗಳೆಲ್ಲ ಸೇರಿ ನೂರಾರು ಆಕಾರಗಳು ಇರುತ್ತವೆ, ಅದಕ್ಕೇ ಕನ್ನಡ ಫಾಂಟಿನ ಫೈಲು ದಪ್ಪ. ನಮ್ಮ ತಲೆಬರಹಕ್ಕೆ ಹಾಕಿದ್ದ ಫಾಂಟು ಹೆಚ್ಚುಕಮ್ಮಿ 280 ಕೆಬಿ ಇತ್ತು. ಅದು ಇಳಿದು ಬರುವ ತನಕ ಬ್ರೌಸರ್ ಫೋನಿನದೇ ಕನ್ನಡ ಫಾಂಟಿನಲ್ಲಿ ತೋರಿಸುತ್ತದೆ. ನಮ್ಮದು ಬಂದ ಕೂಡಲೇ ಬದಲಾಯಿಸುತ್ತದೆ. ನಮ್ಮದು ಅಗಲದ ಅಕ್ಷರ. "ಮಂಡ್ಯದ ಅಪ್ಪಟ ಅಚ್ಚು ಬೆಲ್ಲ, ರಾಸಾಯನಿಕ ಇಲ್ಲ" ಅನ್ನೋ ಸಾಲು ಫೋನಿನ ಫಾಂಟಿನಲ್ಲಿ ಎರಡು ಸಾಲಿಗೆ ಕೂರುತ್ತಿದ್ದದ್ದು ನಮ್ಮದರಲ್ಲಿ ಮೂರಾಯಿತು. ಕೆಳಗಿದ್ದ ಬೆಲೆ, ಬಟನ್ ಎಲ್ಲ ಒಂದು ಸಾಲು ಕೆಳಗೆ.

ಹಾಗಾಗಿ ಫಾಂಟನ್ನು ಕತ್ತರಿಸಿದೆವು, ಬೇಡದ ಭಾಷೆಗಳ ಅಕ್ಷರ ತೆಗೆದೆವು. ಮೊದಲ ಸಲ ಕತ್ತರಿಸಿದಾಗ ಬರೀ ಕನ್ನಡದ 128 ಜಾಗ ಮಾತ್ರ ಉಳಿಸಿಕೊಂಡು ಜಾಣರಾದೆವು ಅಂದುಕೊಂಡಿದ್ದೆವು. ಬೆಲೆಪಟ್ಟಿ ತೆಗೆದು ನೋಡಿದರೆ ರೂಪಾಯಿ ಚಿಹ್ನೆ ಮಾತ್ರ ಇನ್ಯಾವುದೋ ಫಾಂಟಿನಲ್ಲಿ ಸಣಕಲಾಗಿ ನಿಂತಿದೆ. ಅದು ಕನ್ನಡದ ಜಾಗದಲ್ಲಿಲ್ಲ, ಬೇರೆ ಕಡೆ ಇದೆ. ಒತ್ತಕ್ಷರ ಆಗದ ಹಾಗೆ ತಡೆಯುವ ಆ ಕಣ್ಣಿಗೆ ಕಾಣದ ಅಕ್ಷರವೂ ಅಷ್ಟೇ, "ಆನ್‌ಲೈನ್" ಅಂತ ಬರೆಯೋಕೆ ಬೇಕಲ್ಲ, ಅದು. ಎರಡನ್ನೂ ಸೇರಿಸಿ ಮತ್ತೆ ಕತ್ತರಿಸಿದೆವು. ಜೊತೆಗೆ ಪುಟದ ರೂಪ ಹೇಗಿರಬೇಕು ಅಂತ ಬರೆಯುವ ಸಿಎಸ್‌ಎಸ್‌ನಲ್ಲಿ ಸೈಜ್ ಅಡ್ಜಸ್ಟ್ ಅಂತ ಒಂದು ಸೌಲಭ್ಯ ಇದೆ, ಅದರಲ್ಲಿ ಫೋನಿನ ಫಾಂಟನ್ನು ನಮ್ಮ ಫಾಂಟಿನ ಅಗಲಕ್ಕೆ ಸ್ವಲ್ಪ ಹಿಗ್ಗಿಸಿಟ್ಟೆವು. ಬದಲಾವಣೆ ಆಗುತ್ತೆ, ಆದರೆ ಸಾಲು ಮುರಿಯಲ್ಲ. ಒಳಗಿನ ಉದ್ದ ಬರಹಕ್ಕಂತೂ ನನ್ನ ಸಲಹೆ ಒಂದೇ, ಫೋನಿನಲ್ಲಿ ಇರೋ ಕನ್ನಡ ಫಾಂಟನ್ನೇ ಬಳಸಿ. ಈಗಿನ ಫೋನುಗಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಡಿಸೈನರುಗಳು ಬೈಯುತ್ತಾರೆ, ಬೈಯಲಿ.

ಸಿಎಲ್‌ಎಸ್ 0.04ಕ್ಕೆ ಇಳಿಯಿತು, ಅಂಕ 98. ಅಣ್ಣ ಖುಷಿಯಾಗಿ ಎರಡು ಕೆಜಿ ಬೆಲ್ಲ ಕಳಿಸಿದರು.

ಮುಂದಿನ ವರ್ಷ ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಕಬ್ಬಿನ ಹಾಲು, ಹೊಗೆಗೆ ಕಣ್ಣು ಉರಿ. ಅಣ್ಣ ತಮ್ಮ ಹಳೇ ಫೋನು ತೆಗೆದು, "ನೋಡಿ ಸಾ, ನಮ್ ಅಂಗಡಿಲಿ ನಾನೇ ಬೆಲ್ಲ ತಕತ್ತೀನಿ" ಅಂತ "ಕಾರ್ಟ್‌ಗೆ ಹಾಕಿ" ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡು ಮೂರನೇ ಸಲ ಒತ್ತಿದರು. ಆಮೇಲೆ ಕಾರ್ಟ್ ತೆರೆದರೆ ಮೂರು ಕೆಜಿ.

ಅಂಕ 98 ಇರುವ ಸೈಟ್ ಇದು!

ಲೈಟ್‌ಹೌಸ್ ಪುಟವನ್ನು ತೆರೆದು ನೋಡುತ್ತದೆ, ಅಷ್ಟೇ. ಯಾವ ಬಟನ್ನನ್ನೂ ಒತ್ತುವುದಿಲ್ಲ. ಪುಟ ತೆರೆಯುವಾಗ ಸ್ಕ್ರಿಪ್ಟುಗಳು ಬ್ರೌಸರನ್ನು ಎಷ್ಟು ಹೊತ್ತು ಕಟ್ಟಿಹಾಕುತ್ತವೆ ಅಂತ ಲೆಕ್ಕ ಹಾಕಿ, ಅದನ್ನು ಟಿಬಿಟಿ ಅಂತ ಕರೆದು ಅದಕ್ಕೆ 30 ಅಂಕ ಇಟ್ಟಿದೆ, ಆದರೆ ತೆರೆದಾದ ಮೇಲೆ ಜನ ಒತ್ತಿದಾಗ ಏನಾಗುತ್ತೆ ಅನ್ನೋದು ಅಲ್ಲಿ ಬರಲ್ಲ. ಅದನ್ನು ನಿಜವಾದ ಜನರ ಫೋನಿನಿಂದಲೇ ತಿಳಿಯಬೇಕು. ಅದಕ್ಕೆ ಮೊದಲೆಲ್ಲ ಎಫ್‌ಐಡಿ ಅಂತ ಒಂದು ಅಳತೆ ಇತ್ತು. ಅದು ನೋಡುತ್ತಿದ್ದದ್ದು ಮೊದಲನೇ ಒತ್ತು ಮಾತ್ರ, ಅದರಲ್ಲೂ ಒತ್ತಿದ ಮೇಲೆ ನಮ್ಮ ಕೋಡ್ ಶುರುವಾಗುವ ತನಕ ಆದ ತಡ ಮಾತ್ರ. ಶುರುವಾದ ಮೇಲೆ ಒಂದು ಸೆಕೆಂಡ್ ಒದ್ದಾಡಿದರೂ ಲೆಕ್ಕಕ್ಕಿಲ್ಲ. ಹೋಟೆಲಿನಲ್ಲಿ ಮಾಣಿ ಬಂದು "ಏನ್ ಬೇಕು ಸಾರ್" ಅಂದ ಕೂಡಲೇ ಸರ್ವಿಸ್ ಫಸ್ಟ್ ಕ್ಲಾಸ್ ಅಂತ ಬರೆದುಕೊಂಡ ಹಾಗೆ, ದೋಸೆ ಅರ್ಧ ಗಂಟೆ ಬಿಟ್ಟು ಬಂದರೂ.

2024ರ ಮಾರ್ಚ್ 12ಕ್ಕೆ ಎಫ್‌ಐಡಿ ಹೋಯಿತು, ಅದರ ಜಾಗಕ್ಕೆ ಐಎನ್‌ಪಿ ಬಂತು. ಇದು ದೋಸೆ ಮೇಜಿಗೆ ಬರುವ ತನಕ ಕಾಯುತ್ತದೆ. ಒತ್ತಿದ ಕ್ಷಣದಿಂದ ತೆರೆಯ ಮೇಲೆ ಮುಂದಿನ ಬದಲಾವಣೆ ಕಾಣುವ ತನಕ ಎಷ್ಟು ಹೊತ್ತು ಅಂತ ಅಳೆಯುತ್ತದೆ, ಮೊದಲನೇ ಒತ್ತಿಗೆ ಮಾತ್ರ ಅಲ್ಲ, ಎಲ್ಲಾ ಒತ್ತಿಗೂ, ಮತ್ತು ಹೆಚ್ಚುಕಮ್ಮಿ ಅತಿ ಕೆಟ್ಟದ್ದನ್ನೇ ಎತ್ತಿ ತೋರಿಸುತ್ತದೆ. 200 ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೇದು, 500 ದಾಟಿದರೆ ಕೆಟ್ಟದ್ದು. ಇಷ್ಟು ವರ್ಷದ ಅಪ್‌ಡೇಟುಗಳಲ್ಲಿ ನನಗೆ ಅತಿ ಇಷ್ಟವಾಗಿದ್ದು ಇದೇ, ನಮ್ಮ ಮರ್ಯಾದೆ ತೆಗೆದದ್ದೂ ಇದೇ.

ಗೂಗಲ್ ಕ್ರೋಮ್ ಬಳಸುವವರಿಂದ ಈ ಅಂಕಿಗಳನ್ನು ಕೂಡಿಸಿ ಇಡುತ್ತದೆ, ಆದರೆ ಸಣ್ಣ ಸೈಟಿಗೆ ಸಾಕಷ್ಟು ಜನ ಬರದಿದ್ದರೆ ಸಾಕಾಗುವಷ್ಟು ಮಾಹಿತಿ ಇಲ್ಲ ಅಂತ ಕೈ ಎತ್ತುತ್ತದೆ. ಬೆಲ್ಲದ ಸೈಟಿಗೂ ಹಾಗೇ ಆಯಿತು. ಅದಕ್ಕೆ ವೆಬ್ ವೈಟಲ್ಸ್ ಅನ್ನೋ ಚಿಕ್ಕ ಲೈಬ್ರರಿ, ಅಂದರೆ ಸಿದ್ಧ ಕೋಡು, ಹಾಕಿ ನಾವೇ ಅಂಕಿ ಕೂಡಿಸಿದೆವು. ಯಾವ ಬಟನ್ ಒತ್ತಿದಾಗ ತಡ ಆಯಿತು ಅಂತಲೂ ಅದು ಹೇಳುತ್ತದೆ. ಸರಾಸರಿ ನೋಡಬೇಡಿ. ನೂರು ಭೇಟಿಯನ್ನು ಬೇಗದಿಂದ ನಿಧಾನಕ್ಕೆ ಸಾಲಾಗಿ ಇಟ್ಟರೆ 75ನೆಯದು ಎಷ್ಟು, ಅದನ್ನು ನೋಡಿ. ನಮ್ಮದು 640 ಮಿಲಿಸೆಕೆಂಡ್ ಇತ್ತು, ಹೆಚ್ಚಿನದೆಲ್ಲ ಆ ಒಂದೇ ಬಟನ್ನಿನದು.

ಬಟನ್ ಒತ್ತಿದಾಗ ಕೋಡ್ ಮಾಡುತ್ತಿದ್ದದ್ದು: ಇಡೀ ಕಾರ್ಟಿನ ಲೆಕ್ಕ ಹೊಸದಾಗಿ ಹಾಕು, ಡೆಲಿವರಿ ಚಾರ್ಜ್ ನೋಡು, ಜಾಹೀರಾತಿನವರಿಗೆ ಸುದ್ದಿ ಕಳಿಸು, ಚಾಟ್ ಡಬ್ಬಕ್ಕೆ ಸುದ್ದಿ ಕಳಿಸು, ಎಲ್ಲ ಆದ ಮೇಲೆ ಬಟನ್ನಿನ ಬಣ್ಣ ಬದಲಾಯಿಸು. ಉಲ್ಟಾ ಮಾಡಿದೆವು. ಒತ್ತಿದ ತಕ್ಷಣ ಬಟನ್ ಮೇಲೆ "ಹಾಕಿದ್ದೇವೆ" ಅಂತ ಬರಲಿ, ಬ್ರೌಸರಿಗೆ ಅದನ್ನು ತೋರಿಸೋಕೆ ಒಂದು ಕ್ಷಣ ಬಿಡುವು ಕೊಡೋಣ, ಮಿಕ್ಕಿದ್ದೆಲ್ಲ ಆಮೇಲೆ. ಒಟ್ಟು ಕೆಲಸ ಒಂದಿಷ್ಟೂ ಕಮ್ಮಿ ಆಗಲಿಲ್ಲ, ಸರದಿ ಬದಲಾಯಿತು ಅಷ್ಟೇ. 640 ಇದ್ದದ್ದು 180ಕ್ಕೆ ಬಂತು. ಲೈಟ್‌ಹೌಸ್ ಅಂಕ? ಸರಿಮಾಡುವ ಮೊದಲೂ 98, ಆಮೇಲೂ 98.

ಇದೇ ಹೊತ್ತಿನಲ್ಲಿ ಇನ್ನೊಬ್ಬ ದೊಡ್ಡ ಗಿರಾಕಿ, ಅವರ ಸೈಟಿಗೆ ಜನ ಜಾಸ್ತಿ, ದಿನಾ ಬೆಳಿಗ್ಗೆ ಕೇಳುತ್ತಿದ್ದರು: ಮೊನ್ನೆ ಸರಿಮಾಡಿದ್ದೀವಿ ಅಂದ್ರಲ್ಲ, ಗೂಗಲ್ ಯಾಕೆ ಇನ್ನೂ ಕೆಂಪು ತೋರಿಸ್ತಿದೆ? ಗೂಗಲ್ ತೋರಿಸೋದು ಹಿಂದಿನ 28 ದಿನದ ಲೆಕ್ಕ. ಇವತ್ತು ಸರಿಮಾಡಿದರೆ ನಾಳೆ 27 ಕೆಟ್ಟ ದಿನ, ಒಂದು ಒಳ್ಳೇ ದಿನ. ಈಗ ನಾನು ಕೆಲಸ ಒಪ್ಪಿಕೊಳ್ಳುವಾಗಲೇ ಇದನ್ನು ಕಾಗದದಲ್ಲಿ ಬರೆದುಕೊಟ್ಟುಬಿಡುತ್ತೇನೆ.

ಲೈಟ್‌ಹೌಸ್‌ನ 12ನೇ ಆವೃತ್ತಿ ಬಂದಾಗ ಸೈಟನ್ನು ಆ್ಯಪಿನ ಹಾಗೆ ಬಳಸಬಹುದಾ ಅಂತ ನೋಡುತ್ತಿದ್ದ ಪಿಡಬ್ಲ್ಯೂಎ ವಿಭಾಗ ತೆಗೆದರು, ನಮಗೇನೂ ನಷ್ಟ ಆಗಲಿಲ್ಲ. 2025ರಲ್ಲಿ 13 ಬಂದಾಗ ಮಾತ್ರ ಒಂದು ರಾತ್ರಿ ನಿದ್ದೆ ಹೋಯಿತು. ಅಂಕದ ಲೆಕ್ಕ ಬದಲಾಗಿರಲಿಲ್ಲ, ವರದಿಯ ಒಳಗಿನ ತಪಾಸಣೆಗಳನ್ನು ಒಟ್ಟುಗೂಡಿಸಿ ಹೊಸ ಹೆಸರು ಕೊಟ್ಟಿದ್ದರು. ಹೊಸ ಕೋಡನ್ನು ಪರೀಕ್ಷೆ ಮಾಡಿ ಸೈಟಿಗೆ ಏರಿಸುವ ನಮ್ಮ ಬಿಲ್ಡ್ ಹಳೇ ಹೆಸರುಗಳನ್ನು ಹುಡುಕುತ್ತಿತ್ತು, ಸಿಗದೇ ಇದ್ದಾಗ ಫೇಲ್ ಅಂತ ಹೇಳಿ ಹೊಸ ಕೋಡನ್ನು ಮೇಲೆ ಹೋಗೋಕೇ ಬಿಡಲಿಲ್ಲ. ತಪ್ಪು ನಮ್ಮದೇ, ಆವೃತ್ತಿ ಕಟ್ಟಿಹಾಕದೆ ಯಾವಾಗಲೂ ಹೊಸದನ್ನೇ ಎಳೆದುಕೋ ಅಂತ ಬರೆದಿದ್ದೆವು. ಈಗ ಆವೃತ್ತಿ ಬೀಗ ಹಾಕಿಟ್ಟಿದ್ದೇವೆ. ಹೊಸದು ಬಂದರೆ ಒಂದು ವಾರ ಹಳೆಯದು ಹೊಸದು ಎರಡೂ ಪಕ್ಕಪಕ್ಕ ಓಡುತ್ತವೆ, ಆಮೇಲೆ ಬದಲಾವಣೆ. ಗಿರಾಕಿಗೆ ಕಳಿಸುವ ವರದಿಯಲ್ಲಿ ಪ್ರತಿ ಅಂಕದ ಪಕ್ಕ ಆವೃತ್ತಿ ಸಂಖ್ಯೆ ಇರುತ್ತದೆ, 98 ಅಂತ ಅಲ್ಲ, "ಲೈಟ್‌ಹೌಸ್ 13ರಲ್ಲಿ 98" ಅಂತ.

ಬೆಲ್ಲದ ಸೈಟ್ ಮಾತ್ರ ಈಗ ಆ 98ರಲ್ಲಿ ಇಲ್ಲ. ಅಣ್ಣ ಹೋದ ತಿಂಗಳು ಆಲೆಮನೆಯ ಹೊಸ ಫೋಟೋ ಕಳಿಸಿ ಮುಖಪುಟಕ್ಕೆ ಹಾಕಿಸಿದ್ದಾರೆ, 400 ಕೆಬಿ. ಲೈಟ್‌ಹೌಸ್ ನಟಿಸುವ 4ಜಿಯಲ್ಲಿ ಸೆಕೆಂಡಿಗೆ 200 ಕೆಬಿ ಇಳಿಯುತ್ತದೆ, ಅಂದರೆ ಫೋಟೋ ಒಂದಕ್ಕೇ ಎರಡು ಸೆಕೆಂಡ್. ಪುಟದ ದೊಡ್ಡ ಚಿತ್ರ ಕಾಣೋಕೆ ಎರಡೂವರೆ ಸೆಕೆಂಡಿಗಿಂತ ಜಾಸ್ತಿ ಆಗಬಾರದು ಅಂತ ಇದೆ, ನಮ್ಮದು 2.9. ಸಣ್ಣ ಮಾಡ್ತೀನಿ ಅಣ್ಣ ಅಂದರೆ, "ಬ್ಯಾಡ ಸಾ, ಕೊಪ್ಪರಿಗೆ ಹೊಗೆ ಮಸುಕಾಯ್ತದೆ" ಅನ್ನುತ್ತಾರೆ. ಅವಿಫ್ ಅನ್ನೋ ಹೊಸ ಬಗೆಯ ಫೈಲಿಗೆ ಬದಲಾಯಿಸಿ 110 ಕೆಬಿಗೆ ಇಳಿಸಿಟ್ಟುಕೊಂಡಿದ್ದೇನೆ. ಹೊಗೆ ಹಾಗೇ ಇದೆ. ಶನಿವಾರ ಮಂಡ್ಯಕ್ಕೆ ಹೋಗುತ್ತಿದ್ದೇನೆ, ಎರಡು ಫೋಟೋವನ್ನೂ ಅವರ ಹಳೇ ಫೋನಿನಲ್ಲೇ ತೋರಿಸಿ ಯಾವುದು ಯಾವುದು ಅಂತ ಕೇಳುತ್ತೇನೆ.